ಗೋಡೆಯಾಚೆಯ ರಾಯಭಾರಿ

ನನಗೂ ನನ್ನ ದೊಡ್ಡಪ್ಪನ ಮಗನಿಗೂ ನಡುವೆ ಇದ್ದದ್ದು ಒಂಬತ್ತು ಇಂಚಿನ ಇಟ್ಟಿಗೆ ಗೋಡೆ. ದೊಡ್ಡಬಳ್ಳಾಪುರದಲ್ಲಿ ತಾತ ಕಟ್ಟಿಸಿದ್ದ ಒಂದೇ ಮನೆ ಅದು. ಭಾಗವಾದ ಮೇಲೆ ನಡುಮನೆಯ ಮಧ್ಯಕ್ಕೆ ಗೋಡೆ ಎದ್ದು ಎರಡಾಯಿತು. ಆ ಕಡೆ ಅಣ್ಣನ ಸಂಸಾರ, ಹಿಂದಿನ ಶೆಡ್ಡಿನಲ್ಲಿ ಅವನ ಆರು ಮಗ್ಗಗಳು. ಈ ಕಡೆ ನಾನು, ನನ್ನ ಹೆಂಡತಿ. ಅವನು ಸೀನಿದರೆ ನನಗೆ ಕೇಳುತ್ತಿತ್ತು. ನಾನು ರೇಗಿದರೆ ಅವನಿಗೆ ಕೇಳುತ್ತಿತ್ತು, ಮತ್ತು ನಾನು ರೇಗದ ದಿನ ಕಡಿಮೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಇಷ್ಟು ಹತ್ತಿರ ಇದ್ದುಕೊಂಡು ಮೂರು ವರ್ಷ ನಾವಿಬ್ಬರೂ ಒಂದು ಮಾತು ಆಡಲಿಲ್ಲ.

ಆ ಮೂರು ವರ್ಷ ನಮ್ಮಿಬ್ಬರ ನಡುವೆ ನಿಲ್ಲದೆ ಓಡಾಡಿದವನು ಒಬ್ಬನೇ, ಮೊಬೈಲ್ ಆಟದೊಳಗಿನ ಒಬ್ಬ ಮುದಿ ರಾಯಭಾರಿ. ಕೊನೆಗೆ ಅವನು ಹನ್ನೊಂದು ದಿನ ಬಿಡದೆ ನನ್ನ ಕೋಟೆಯ ಬಾಗಿಲಿಗೆ ಬಂದ. ಆ ಹೊತ್ತಿಗೆ ಗೋಡೆಯಾಚೆ ಅಣ್ಣನ ಎದೆ ಕೆಟ್ಟಿತ್ತು. ಬೆಂಗಳೂರಿನ ಡಾಕ್ಟರು ಆಪರೇಷನ್ನಿಗೆ ದಿನ ಗೊತ್ತು ಮಾಡಿದ್ದರು, ಉಳಿಯುವ ಭರವಸೆ ಅರ್ಧಕ್ಕರ್ಧ ಎಂದಿದ್ದರು. ಅಷ್ಟರೊಳಗೆ ನಾನೊಮ್ಮೆ ಆ ಮನೆಯ ಹೊಸ್ತಿಲು ದಾಟಬೇಕು ಅನ್ನುವುದು ಅಣ್ಣನಿಗಿದ್ದ ಒಂದೇ ಆಸೆ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆದರೆ ಓದುವವರು ಮೊದಲೇ ತಿಳಿದುಕೊಂಡಿರಲಿ. ನನ್ನ ಕಡೆ ಸೇರಿಕೊಂಡು ಇದನ್ನು ಓದುವುದು ಬೇಡ.

ಜಗಳ ಶುರುವಾದದ್ದು ನನ್ನ ತಪ್ಪಿನಿಂದ. ನನ್ನ ಪಾಲಿನ ಮನೆಯನ್ನು ಒಡೆಸಿ ಹೊಸದಾಗಿ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಿದ್ದೆ. ನಮ್ಮಲ್ಲಿ ಕರೆಯುವುದಕ್ಕೆ ಒಂದು ಕ್ರಮವಿದೆ. ಮೊದಲ ಪತ್ರಿಕೆ ಮನೆದೇವರ ಮುಂದೆ, ಎರಡನೆಯದು ಹಿರಿಯರ ಮನೆಗೆ. ಗಂಡಹೆಂಡತಿ ಇಬ್ಬರೂ ಹೋಗಬೇಕು, ಕುಂಕುಮ ಇಡಬೇಕು, ಬಾಯಿಬಿಟ್ಟು ಬನ್ನಿ ಎನ್ನಬೇಕು. ನಾನು ನೆಲಮಂಗಲದ ಗೋಡೌನಿನಲ್ಲಿ ಡಿಸ್ಪ್ಯಾಚ್ ಸೂಪರ್‌ವೈಸರ್. ಹಬ್ಬದ ಸೀಸನ್ನು, ದಿನಕ್ಕೆ ನಲವತ್ತು ಲಾರಿ ಲೋಡಾಗುತ್ತಿದ್ದವು, ಉಸಿರಾಡಲು ಪುರಸೊತ್ತಿಲ್ಲ. ದೂರದವರಿಗೆಲ್ಲ ಪತ್ರಿಕೆಯ ಫೋಟೋ ಕಳಿಸುವಾಗ ಅದೇ ಪಟ್ಟಿಯಲ್ಲಿ ಅಣ್ಣನ ನಂಬರನ್ನೂ ಒತ್ತಿಬಿಟ್ಟೆ. ಗೋಡೆಗೆ ಗೋಡೆ ಅಂಟಿಕೊಂಡಿರುವವನನ್ನು ಕರೆಯುವುದೇನು, ಅವನು ಮನೆಯವನೇ ಅಲ್ಲವೆ ಅಂದುಕೊಂಡಿದ್ದೆ. ಲಾರಿ ಡ್ರೈವರುಗಳಿಗೆ ಹೋದ ಕರೆಯೋಲೆ ಅದೇ ನಿಮಿಷದಲ್ಲಿ ಮನೆಯ ಹಿರೀಮಗನಿಗೂ ಹೋಯಿತು.

ಅವನು ಬರಲಿಲ್ಲ. ಹೋಮ ನಡೆಯುತ್ತಿದ್ದಾಗ ಆ ಕಡೆ ಆರು ಮಗ್ಗಗಳೂ ಓಡುತ್ತಿದ್ದವು. ಪುರೋಹಿತರು ಮಂತ್ರವನ್ನು ಕೂಗಿ ಹೇಳಬೇಕಾಯಿತು. ಬಂದ ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೆ ತಲೆ ಕೆಟ್ಟುಹೋಯಿತು. ಪೂರ್ಣಾಹುತಿ ಆದ ಮೇಲೆ ಗೋಡೆಗೆ ಮುಖ ಮಾಡಿ, ಆ ಕಡೆಗೆ ಕೇಳುವ ಹಾಗೆ, "ಇವತ್ತಿಂದ ನನಗ್ಯಾರೂ ಅಣ್ಣ ಇಲ್ಲ" ಅಂದೆ. ಮಗ್ಗಗಳು ಒಂದು ಗಳಿಗೆ ನಿಂತವು. ಮತ್ತೆ ಓಡಿದವು.

ಆಟ ಮಾತ್ರ ನಿಲ್ಲಲಿಲ್ಲ.

ನಾವು ಹುಡುಗರಾಗಿದ್ದಾಗ ಬಸ್ ಸ್ಟ್ಯಾಂಡಿನ ಹತ್ತಿರದ ಸೈಬರ್ ಸೆಂಟರಿನಲ್ಲಿ ಒಂದೇ ಕುರ್ಚಿಯಲ್ಲಿ ಇಬ್ಬರೂ ಕೂತು ಆಡುತ್ತಿದ್ದ ಹಳೇ ಕಾಲದ ರಾಜರ ಆಟ ಅದು. ಆಮೇಲೆ ಅದೇ ಬಗೆಯದು ಮೊಬೈಲಿಗೆ ಬಂತು. ಒಬ್ಬೊಬ್ಬರಿಗೆ ಒಂದೊಂದು ರಾಜ್ಯ. ದಿನಕ್ಕೊಂದು ಸರದಿ. ಅವನು ತನ್ನ ಸರದಿ ಬೆಳಿಗ್ಗೆ ಆಡಿ ಕಳಿಸುತ್ತಿದ್ದ, ನಾನು ಗೋಡೌನಿನಲ್ಲಿ ಟೀ ಹೊತ್ತಿಗೆ ನನ್ನದನ್ನು ಆಡುತ್ತಿದ್ದೆ. ಅದರಲ್ಲಿ ಚಾಟ್ ಕೂಡ ಇತ್ತು. ಮೊದಲಿನ ದಿನಗಳಲ್ಲಿ ಅಲ್ಲಿ ಒಬ್ಬರನ್ನೊಬ್ಬರು ವಾಚಾಮಗೋಚರ ಬೈದುಕೊಂಡು, ಅವನೇ ಅದನ್ನು ಬಂದ್ ಮಾಡಿದ್ದ. ಹಾಗಾಗಿ ಜಗಳವಾದ ಮೇಲೆ ಆಟದಲ್ಲಿ ಉಳಿದ ಮಾತು ರಾಯಭಾರಿಯ ಮಾತು ಒಂದೇ. ಅದೂ ಅಚ್ಚು ಹಾಕಿದ ಮಾತು. ಉಡುಗೊರೆ, ನಕ್ಷೆ, ವ್ಯಾಪಾರ, ಮೈತ್ರಿ, ಶಾಂತಿ. ಇಷ್ಟರಲ್ಲಿ ಒಂದನ್ನು ಆರಿಸಬೇಕು. ಎದುರಿನವನು ಒಪ್ಪಿದೆ ಅಥವಾ ಇಲ್ಲ ಅನ್ನಬೇಕು. ಅಣ್ಣ, ಹೇಗಿದ್ದೀಯ ಅಂತ ಕೇಳುವ ಗುಂಡಿ ಅಲ್ಲಿ ಇರಲಿಲ್ಲ.

ನಾನು ಸೈನ್ಯದವನು, ಅಣ್ಣ ರಾಯಭಾರದವನು. ನಾನು ಒಂದು ಊರು ಗೆಲ್ಲಲು ಮೂರು ದಂಡು ಕಳೆದುಕೊಂಡರೆ ಅವನು ಒಬ್ಬ ಮುದುಕನನ್ನು ಕಳಿಸಿ ಎರಡು ಊರು ತರುತ್ತಿದ್ದ. ಆ ಮುದುಕ ಅವನ ಹಳೇ ರಾಯಭಾರಿ, ಹಸಿರು ನಿಲುವಂಗಿ, ಕೈಯಲ್ಲಿ ಸುರುಳಿ. ಆಟದಲ್ಲಿ ಇವರಿಗೆ ವಯಸ್ಸಾಗುತ್ತದೆ. ಇಪ್ಪತ್ತೈದಕ್ಕೆ ಹುಟ್ಟಿಕೊಂಡವನು ನಮ್ಮ ಕಣ್ಣೆದುರಿಗೇ ಅರವತ್ತೊಂದಾಗಿದ್ದ. ನಾನು ಅವನನ್ನು ತಾತ ಅನ್ನುತ್ತಿದ್ದೆ.

"ನಿನಗೆ ರಾಯಭಾರಿ ಅಂದ್ರೆ ಪೋಸ್ಟ್‌ಮ್ಯಾನು" ಅಂತ ಅಣ್ಣ ನನ್ನನ್ನು ಹಂಗಿಸುತ್ತಿದ್ದ, ಮಾತಿದ್ದ ಕಾಲದಲ್ಲಿ. "ಹೊಸಬನ್ನ ಮೊದ್ಲೇ ದೊಡ್ಡ ಕೆಲಸಕ್ಕೆ ಹಚ್ಬೇಡ ಕಣೋ. ವ್ಯಾಪಾರ ಕೇಳ್ಸು, ಅದಕ್ಕೆ ಯಾರೂ ಇಲ್ಲ ಅನ್ನಲ್ಲ. ಒಪ್ಸಿ ಒಪ್ಸಿ ಅವನ ನಾಲಿಗೆ ಪಳಗ್ಲಿ. ಉಡುಗೊರೆ ಕೊಟ್ಟ ದಿನವೇ ಏನೂ ಕೇಳ್ಬೇಡ. ಒಂದಿನ ಸುಮ್ನಿರು. ಆಮೇಲೆ ಕೇಳು. ಗಡಿ ಹತ್ರ ದಂಡು ನಿಲ್ಸಿ ಮೈತ್ರಿ ಕೇಳಿದ್ರೆ ಯಾವನು ನಂಬ್ತಾನೆ? ಇಲ್ಲ ಅಂದಿದ್ದನ್ನ ಮಾರನೇ ದಿನ ಮತ್ತೆ ಕೇಳ್ಬೇಡ, ಮುಖ ಕೆಡುತ್ತೆ. ಕೆಲಸ ಇಲ್ಲದಾಗ ಅವನನ್ನ ಮನೇಲಿ ಕೂರಿಸ್ಬೇಡ, ಪಕ್ಕದ ರಾಜ್ಯದಲ್ಲೇ ಬಿಟ್ಟಿರು, ಅಲ್ಲಿ ಏನಾಗ್ತಿದೆ ಅಂತ ಕಣ್ಣಿಗೆ ಬೀಳ್ತಿರುತ್ತೆ."

ಇವು ಅವನ ನಿಯಮಗಳು. ಇಪ್ಪತ್ತು ವರ್ಷದಲ್ಲಿ ಅವನು ಒಂದನ್ನೂ ಮುರಿದದ್ದನ್ನು ನಾನು ನೋಡಿರಲಿಲ್ಲ. ಮಾತು ಬಿಟ್ಟ ಮೂರು ವರ್ಷದಲ್ಲೂ ತಾತ ಎರಡು ಮೂರು ವಾರಕ್ಕೊಮ್ಮೆ ಬರುತ್ತಿದ್ದ, ಯಾವುದೋ ವ್ಯಾಪಾರ ಕೇಳುತ್ತಿದ್ದ, ನಾನು ಒಪ್ಪುತ್ತಿದ್ದೆ, ಹೋಗುತ್ತಿದ್ದ. ಅಷ್ಟರಲ್ಲೇ ನನಗೂ ಏನೋ ಸಮಾಧಾನ. ಅದನ್ನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

ಮನೆಯಲ್ಲೂ ಒಬ್ಬ ರಾಯಭಾರಿ ಇದ್ದಳು, ನಮ್ಮ ಅಜ್ಜಿ. ಬೆಳಿಗ್ಗೆ ಊಟ ಅಣ್ಣನ ಮನೆಯಲ್ಲಿ, ಸಾಯಂಕಾಲದ ಮುದ್ದೆ ನಮ್ಮ ಮನೆಯಲ್ಲಿ. ಎರಡು ಬಾಗಿಲ ನಡುವೆ ಇಪ್ಪತ್ತು ಹೆಜ್ಜೆ ಕೋಲೂರಿಕೊಂಡು ಓಡಾಡುತ್ತಿದ್ದಳು. ಆದರೆ ಅವಳು ಯಾವ ಮಾತನ್ನೂ ದಾಟಿಸುತ್ತಿರಲಿಲ್ಲ. ಅಲ್ಲಿ ಕಂಡದ್ದು ಇಲ್ಲಿಲ್ಲ, ಇಲ್ಲಿ ಕೇಳಿದ್ದು ಅಲ್ಲಿಲ್ಲ. ಹಾಗಿದ್ದದ್ದಕ್ಕೇ ಎರಡೂ ಕಡೆ ಅವಳಿಗೆ ಮಣೆ ಸಿಗುತ್ತಿತ್ತು.

ಮೊದಲು ಬದಲಾದದ್ದು ಸದ್ದು. ಆರು ಮಗ್ಗದ ಸದ್ದಿಗೆ ಕಿವಿ ಒಗ್ಗಿಹೋದವನಿಗೆ ಒಂದು ಕಡಿಮೆಯಾದರೂ ಗೊತ್ತಾಗುತ್ತದೆ. ಆ ಸಲ ಯುಗಾದಿ ಕಳೆದ ಮೇಲೆ ನಾಲ್ಕೇ ಓಡುತ್ತಿದ್ದವು. ಆಮೇಲೆ ಎರಡು. ರೇಷ್ಮೆ ಕೆಲಸ ಕಡಿಮೆಯಾಗಿರಬೇಕು ಅಂದುಕೊಂಡೆ. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತಿದ್ದೆ, ಯಾವುದೂ ಓಡುತ್ತಿರಲಿಲ್ಲ. ಗೋಡೆಯಾಚೆ ಯಾರೋ ನಾಲ್ಕು ಹೆಜ್ಜೆ ಇಟ್ಟು ನಿಲ್ಲುವುದು, ಮತ್ತೆ ನಾಲ್ಕು ಹೆಜ್ಜೆ ಇಟ್ಟು ನಿಲ್ಲುವುದು ಕೇಳಿಸಿತು. ನನ್ನ ಹೆಂಡತಿಯೂ ಒಲೆಯ ಮುಂದೆ ಕಿವಿಗೊಟ್ಟು ನಿಂತಿದ್ದಳು.

"ರೀ, ಒಂದ್ಸಲ ಹೋಗಿ ನೋಡ್ಕೊಂಡ್ ಬನ್ನಿ" ಅಂದಳು.

"ಕರೆದ್ರೆ ಹೋಗ್ತೀನಿ" ಅಂದೆ.

ಅವತ್ತು ಗೋಡೌನಿನಲ್ಲಿ ಟೀ ಹೊತ್ತಿಗೆ ಫೋನ್ ತೆಗೆದರೆ ತಾತ ನನ್ನ ರಾಜಧಾನಿಯ ಬಾಗಿಲಲ್ಲಿ ನಿಂತಿದ್ದ. ತಂದದ್ದು ನಕ್ಷೆ. ಅಣ್ಣನ ಇಡೀ ರಾಜ್ಯದ ನಕ್ಷೆ, ಬದಲಿಗೆ ಏನೂ ಬೇಡ. ಆಟ ಗೊತ್ತಿರುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಅದು ತನ್ನ ಮನೆಯ ಬೀಗದಕೈ ಗೊಂಚಲನ್ನೇ ತೆಗೆದು ಕೈಗೆ ಹಾಕಿದ ಹಾಗೆ. ನಾನು ತೆಗೆದುಕೊಂಡೆ. ಮನಸ್ಸಿಗೆ ಮಾತ್ರ ಏನೋ ಕಸಿವಿಸಿ.

ಮಾರನೇ ದಿನ ಮೈತ್ರಿ ಕೇಳಿದ. ನಕ್ಷೆ ಕೊಟ್ಟ ಮಾರನೇ ದಿನವೇ, ನಡುವೆ ಒಂದು ದಿನವೂ ಬಿಡದೆ. ನಾನು ಇಲ್ಲ ಅಂದೆ. ಅದರ ಮಾರನೇ ದಿನ ಮತ್ತೆ ಮೈತ್ರಿ. ಇಲ್ಲ. ನಾಲ್ಕನೇ ದಿನ ಮೈತ್ರಿಯ ಜೊತೆಗೆ ಗಡಿಯ ಒಂದು ಊರು ಸೇರಿಸಿ ಕೊಟ್ಟ. ಇಲ್ಲ. ಐದನೇ ದಿನ ಎರಡು ಊರು.

ಪಕ್ಕದ ಕ್ಯಾಬಿನ್ನಿನಲ್ಲಿ ನೆಲಮಂಗಲದ ಸಾಬರ ಹುಡುಗನೊಬ್ಬ ಬಿಲ್ಲಿಂಗ್ ನೋಡಿಕೊಳ್ಳುತ್ತಿದ್ದ. ಮನೆಯಲ್ಲಿ ಉರ್ದು, ನಮ್ಮ ಜೊತೆ ಕನ್ನಡ. ಅವನೂ ಇಂಥ ಆಟ ಆಡಿದವನೇ. ನನ್ನ ಭುಜದ ಮೇಲಿಂದ ಇಣುಕಿ ನೋಡಿ, "ಯಾರ್ ಗುರು ಇದು, ಎದುರುಗಡೆ?" ಅಂದ.

"ನಮ್ಮ ದೊಡ್ಡಪ್ಪನ ಮಗ. ದೊಡ್ಡ ಕಿಲಾಡಿ. ಊರು ಕೊಡೋ ಥರ ಮಾಡಿ ನನ್ನ ದಂಡನ್ನ ಅಲ್ಲಿಗೆ ಎಳೀತಾನೆ. ಕಾಡಲ್ಲಿ ಬಚ್ಚಿಟ್ಟಿರ್ತಾನೆ ತನ್ನೋರನ್ನ."

ಅವನು ಪರದೆಯನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದ. "ಇಲ್ಲ ಭಾಯ್. ಕಿಲಾಡಿ ಆಗಿದ್ರೆ ದಿನಾ ಬರಲ್ಲ. ಇವ್ರಿಗೆ ಏನೋ ಆಗಿದೆ. ಒಂದ್ ಫೋನ್ ಹಾಕಿ ಕೇಳಿ."

"ನಿನ್ ಬಿಲ್ ನೋಡ್ಕೋ ಹೋಗು" ಅಂದೆ. ಪಾಪ, ಅವನು ಎದ್ದು ಹೋದ. ಮೂರು ದಿನ ನನ್ನ ಜೊತೆ ಟೀಗೆ ಬರಲಿಲ್ಲ.

ಎಲ್ಲಿ ಮೇಯಲು ಹೋಗಿತ್ತು ನನ್ನ ಬುದ್ಧಿ ಅಂತ ಈಗ ಕೇಳಿಕೊಳ್ಳುತ್ತೇನೆ. ನಿಯಮ ತಪ್ಪದ ಮನುಷ್ಯ ತನ್ನ ನಿಯಮಗಳನ್ನೆಲ್ಲ ಒಂದೊಂದಾಗಿ ಮುರಿಯುತ್ತಿದ್ದ. ಸುಮ್ಮನಿರಬೇಕಾದ ದಿನ ಸುಮ್ಮನಿರಲಿಲ್ಲ. ಇಲ್ಲ ಅಂದದ್ದನ್ನೇ ಮತ್ತೆ ಕೇಳುತ್ತಿದ್ದ. ಅವನಿಗೆ ದಿನಗಳು ಸಾಲುತ್ತಿಲ್ಲ ಅನ್ನುವುದನ್ನು ಬಿಟ್ಟು ಅದಕ್ಕೆ ಬೇರೆ ಅರ್ಥವೇ ಇರಲಿಲ್ಲ. ನಾನು ಅದನ್ನು ಮೋಸ ಅಂತ ಓದಿಕೊಂಡೆ. ಕಾಡುಗಳನ್ನೆಲ್ಲ ಹುಡುಕಿಸಿದೆ. ಕಾಡಿನಲ್ಲಿ ಯಾರೂ ಇರಲಿಲ್ಲ. ಅವನು ಕೊಟ್ಟ ನಕ್ಷೆಯಲ್ಲಿ ನೋಡಿದರೆ ಕೋಟೆಗಳು ಖಾಲಿ ಹೊಡೆಯುತ್ತಿದ್ದವು. ನಲವತ್ತು ದಂಡು ಸಾಕಿದ್ದವನ ರಾಜಧಾನಿಯಲ್ಲಿ ಒಬ್ಬ ಕಾವಲಿನವನೂ ಇಲ್ಲ. ದಂಡನ್ನೆಲ್ಲ ಅವನೇ ಬರಖಾಸ್ತು ಮಾಡಿದ್ದ. ಆದರೂ ಮೋಸ ಎಲ್ಲಿದೆ ಎಂದು ಹುಡುಕುವುದನ್ನು ನಾನು ಬಿಡಲಿಲ್ಲ.

ಅಜ್ಜಿಯ ಮುದ್ದೆ ಅರ್ಧಕ್ಕೆ ನಿಲ್ಲತೊಡಗಿತ್ತು. ಒಂದು ಸಂಜೆ ತಟ್ಟೆಯ ಮುಂದೆ ಕೂತು ನನ್ನನ್ನು ನೋಡದೆ ಒಲೆಯನ್ನು ನೋಡುತ್ತಾ, "ಲೇ ಮಗ, ಒಂದ್ ಗಳಿಗೆ ಆ ಕಡೀಕ್ ಹೋಗ್ಬರಬಾರ್ದಾ" ಅಂದಳು.

"ಯಾಕೆ, ಅವನು ಕರೆಯೋಕೆ ಹೇಳಿದ್ನಾ?"

"ನಾನ್ ಹೇಳ್ತಾ ಇವ್ನಿ."

"ಅವನೇ ಹೇಳ್ಲಿ. ಬಾಯಿಲ್ವಾ ಅವನಿಗೆ? ನನ್ನ ಮನೆ ಹೋಮಕ್ಕೆ ಮಗ್ಗ ಓಡಿಸ್ದೋನು."

ಅಜ್ಜಿ ಕೈಗೆ ಅಂಟಿದ ಮುದ್ದೆಯನ್ನು ತಟ್ಟೆಗೆ ಒರೆಸಿದಳು. "ನಾನ್ ಏನೂ ಹೇಳೋ ಹಂಗಿಲ್ಲ ಕಣ್ಲಾ" ಅಂದು ತಟ್ಟೆ ಬಿಟ್ಟು ಎದ್ದಳು. ಕಾಯಿಲೆಯ ಮಾತು ನನ್ನವರೆಗೆ ಬರಬಾರದು, ಕಾಯಿಲೆ ಅಂತ ಕನಿಕರಕ್ಕೆ ಬರುವುದು ಬೇಡ, ತಾನಾಗಿ ಬಂದರೆ ಬರಲಿ ಅಂತ ಅಣ್ಣ ತನ್ನ ಮಗಳ ತಲೆಯ ಮೇಲೆ ಅಜ್ಜಿಯ ಕೈ ಇಡಿಸಿ ಆಣೆ ಮಾಡಿಸಿದ್ದನಂತೆ. ಮಗುವಿನ ತಲೆ ಮೇಲಿನ ಆಣೆಯನ್ನು ಅವಳು ಹೇಗೆ ಮುರಿಯುತ್ತಾಳೆ? ಅತ್ತಿಗೆಯ ಬಾಯಿಗೂ ಅದೇ ಬೀಗ. ಹಿರಿಯನಾದವನು ತಾನಾಗಿ ಬಾ ಅನ್ನುವಂತಿಲ್ಲ, ಚಿಕ್ಕವನಾದ ನಾನೇ ಹೋಗಿ ತಪ್ಪಾಯಿತು ಅನ್ನಬೇಕು ಅನ್ನುವುದು ಅವನ ಹಟ. ಕರೆಯದೆ ಹೋಗಬಾರದು ಅನ್ನುವುದು ನನ್ನ ಹಟ. ನಡುವೆ ಆ ಮುದುಕಿ ಬೇಯುತ್ತಿದ್ದಳು.

ಹನ್ನೊಂದನೇ ದಿನ ತಾತ ತಂದದ್ದು ರಾಜಧಾನಿಯೊಂದನ್ನು ಬಿಟ್ಟು ಉಳಿದ ಎಲ್ಲ ಊರು. ಪ್ರಸ್ತಾಪ ಎಷ್ಟು ಉದಾರ ಅಂತ ಆಟ ತೋರಿಸುವ ಪಟ್ಟಿ ಕೊನೆಯ ತುದಿ ಮುಟ್ಟಿತ್ತು. ಬದಲಿಗೆ ಕೇಳಿದ್ದು ಮೈತ್ರಿ, ಅಷ್ಟೇ. ಅವತ್ತು ಬೆಳಿಗ್ಗೆ ಒಬ್ಬ ಡ್ರೈವರು ತಪ್ಪು ಲೋಡು ತೆಗೆದುಕೊಂಡು ಹೋಗಿ ಮ್ಯಾನೇಜರು ನನ್ನ ಮುಖಕ್ಕೆ ಹೊಡೆದ ಹಾಗೆ ಮಾತಾಡಿದ್ದ. ಅದರ ಮೇಲೆ ಇದು. ನನ್ನನ್ನು ಭಿಕ್ಷುಕ ಅಂದುಕೊಂಡಿದ್ದಾನೆ, ಬಿಸಾಕಿದ್ದನ್ನು ಆಯ್ದುಕೊಳ್ಳಲಿ ಅಂತ ನೋಡುತ್ತಿದ್ದಾನೆ ಅನ್ನಿಸಿತು. ಕೊಟ್ಟರೆ ತೆಗೆದುಕೊಳ್ಳುವವನಲ್ಲ, ಬಂದು ಗೆದ್ದುಕೊಳ್ಳುವವನು ನಾನು ಅಂತ ತೋರಿಸುತ್ತೇನೆ ಅಂದುಕೊಂಡು ಯುದ್ಧ ಘೋಷಣೆ ಒತ್ತಿದೆ.

ಯುದ್ಧವಾದರೆ ಆಟವೇ ಎದುರಾಳಿಯ ರಾಯಭಾರಿಯನ್ನು ಊರಾಚೆ ಅಟ್ಟುತ್ತದೆ. ತಾತ ನನ್ನ ಬಾಗಿಲಿನಿಂದ ಇಳಿದು ಅಣ್ಣನ ರಾಜ್ಯದ ಕಡೆ ತಿರುಗಿದ. ಅವನು ಒಂದು ಸರದಿಗೆ ಹೋಗುವಷ್ಟು ದೂರ ಹೋಗಿ ಬಯಲಿನ ಮಧ್ಯೆ ನಿಂತುಕೊಂಡ. ಹಿಂದಿನಿಂದ ನನ್ನ ದಂಡು ಹೊರಟಿತು.

ಐದು ದಿನದ ದಾರಿ. ಮೊದಲ ದಿನ ಹೊಳೆ ದಾಟಿದೆ. ಎರಡನೇ ದಿನ ಗಡಿಯ ಊರು. ಬಾಗಿಲು ತೆರೆದೇ ಇತ್ತು, ಒಳಗೆ ಹೋಗಿ ನೋಡಿದರೆ ಕಣಜ ತುಂಬಿದೆ, ರಸ್ತೆ ರಿಪೇರಿ ಆಗಿದೆ, ಜನ ನೆಮ್ಮದಿಯಾಗಿದ್ದಾರೆ. ಸೋಲುವವನು ಊರನ್ನು ಹೀಗೆ ಇಟ್ಟಿರುವುದಿಲ್ಲ. ಸುಟ್ಟು ಹೋಗುತ್ತಾನೆ, ನಾನಾಗಿದ್ದರೆ ಸುಟ್ಟೇ ಹೋಗುತ್ತಿದ್ದೆ. ಮೂರನೇ ದಿನ ಇನ್ನೊಂದು ಊರು, ಅದೂ ಹಾಗೆಯೇ, ಬಾವಿಯನ್ನೂ ಹೊಸದಾಗಿ ತೋಡಿಸಿ ಇಟ್ಟಿದ್ದ. ನನಗೆ ಗೆಲುವಿನ ಖುಷಿ ಬರಬೇಕಿತ್ತು. ಬರಲಿಲ್ಲ. ಮದುವೆಗೆ ಸಜ್ಜು ಮಾಡಿ ಎಲ್ಲರೂ ಎಲ್ಲಿಗೋ ಹೊರಟುಹೋದ ಮನೆಯೊಳಗೆ ಹೊಕ್ಕ ಹಾಗಾಗುತ್ತಿತ್ತು. ಹೆಂಡತಿಗೆ ಹೇಳೋಣ ಅನ್ನಿಸಿತು. ಹೇಳಿದರೆ ಅವಳು ಮತ್ತೆ ಹೋಗಿ ನೋಡಿ ಅನ್ನುತ್ತಾಳೆ ಅಂತ ಸುಮ್ಮನಾದೆ.

ನಾಲ್ಕನೇ ದಿನ ಸಂಜೆ ಕೆಲಸ ಮುಗಿಸಿ ಬಸ್ಸಿಳಿದು ಬರುವಾಗ ಅಣ್ಣನ ಮನೆಯ ಜಗುಲಿಯ ಮೇಲೆ ಯಾರೋ ಕಂಬಕ್ಕೊರಗಿ ಕೂತಿದ್ದರು. ಶಾಲು ಹೊದ್ದಿದ್ದರು, ಆ ಬೇಸಗೆಯಲ್ಲಿ. ಅಣ್ಣನೇ. ಎಷ್ಟು ಇಳಿದುಹೋಗಿದ್ದ ಅಂದರೆ ಗುರುತು ಹಿಡಿಯಲು ಎರಡನೇ ಸಲ ನೋಡಬೇಕಾಯಿತು. ಅವನ ಮುಖ ನನ್ನ ಕಡೆಗೇ ಇತ್ತು. ಹತ್ತು ಹೆಜ್ಜೆ ದೂರ. ಅಣ್ಣ ಅಂತ ಬಾಯಿಗೆ ಬಂತು. ಅವನಾಗಿ ಏನಾದರೂ ಅಂದಾನು ಅಂತ ಒಂದು ಗಳಿಗೆ ನಿಂತೆ. ಅವನೂ ನಾನು ಏನಾದರೂ ಅಂದೇನು ಅಂತ ಕಾದನೋ ಏನೋ. ಬೀದಿಯಲ್ಲಿ ಒಂದು ಆಟೋ ನಡುವೆ ಹಾದುಹೋಯಿತು. ನಾನು ತಲೆ ತಗ್ಗಿಸಿ ನನ್ನ ಬಾಗಿಲಿಗೆ ಹೋದೆ. ಅವತ್ತು ಆ ಹತ್ತು ಹೆಜ್ಜೆ ಇಟ್ಟಿದ್ದರೆ ಈ ಬರಹ ಬೇಕಾಗುತ್ತಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಆರು ಗಂಟೆಗೆ ಅವರ ಮನೆಯ ಮುಂದೆ ಕಾರು ನಿಂತಿತ್ತು. ಹೆಂಡತಿ ಕಿಟಕಿಯಿಂದ ನೋಡಿ, "ಎಲ್ಲರೂ ಹೊರಟಿದಾರೆ, ಅಜ್ಜೀನೂ" ಅಂದಳು. ಘಾಟಿ ದೇವಸ್ಥಾನಕ್ಕೆ ಹೋಗುತ್ತಿರಬೇಕು, ನಾಗಪ್ಪನಿಗೆ ಏನೋ ಹರಕೆ ಇರಬೇಕು ಅಂದೆ. ನಾನು ಷೂ ಕಟ್ಟಿಕೊಳ್ಳುತ್ತಿದ್ದೆ, ತಲೆಯೆತ್ತಲಿಲ್ಲ.

ಹನ್ನೊಂದೂವರೆಗೆ ಟೀ ಬಂತು. ಫೋನ್ ತೆಗೆದೆ. ಅಣ್ಣ ತನ್ನ ಸರದಿಯನ್ನು ಬೆಳಿಗ್ಗೆಯೇ ಆಡಿ ಕಳಿಸಿದ್ದ. ಏನೂ ಆಡಿರಲಿಲ್ಲ. ಯಾರನ್ನೂ ಕದಲಿಸದೆ ಸರದಿ ಮುಗಿಸಿದ್ದ. ನನ್ನ ದಂಡು ಅವನ ರಾಜಧಾನಿಯ ಬಾಗಿಲಲ್ಲಿತ್ತು. ಒಳಗೆ ರಾಜ ಒಬ್ಬನೇ. ನಾನು ಬಿಸ್ಕತ್ತು ಅದ್ದಿಕೊಂಡು ತಿನ್ನುತ್ತಾ ಒಳಗೆ ನುಗ್ಗು ಅಂತ ಒತ್ತಿದೆ. ಪರದೆ ಕಪ್ಪಾಯಿತು. ಎದುರಾಳಿಯ ವಂಶ ಅಳಿಯಿತು ಅಂತ ಅಕ್ಷರಗಳು ಮೂಡಿದವು. ಎಷ್ಟೋ ವರ್ಷ ಆಡಿದ ಆಟ ಮುಗಿದುಹೋಯಿತು. ಬಿಲ್ಲಿಂಗಿನ ಹುಡುಗ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿ, "ಏನ್ ಗುರು, ಗೆದ್ರಾ?" ಅಂದ. ಹೂಂ ಅಂದೆ. ಟೀ ಆರಿತ್ತು.

ಎರಡು ಗಂಟೆ ದಾಟಿದ ಮೇಲೆ ಹೆಂಡತಿಯ ಫೋನು. ಆಸ್ಪತ್ರೆಯಿಂದ ಅಜ್ಜಿ ಯಾರದೋ ಫೋನಿನಲ್ಲಿ ಅವಳಿಗೆ ಮಾತಾಡಿದ್ದಳು. ಆಣೆ ಇನ್ನು ಯಾರನ್ನೂ ಕಟ್ಟುವಂತಿರಲಿಲ್ಲ. ಹೆಂಡತಿ ಅಳುತ್ತಿರಲಿಲ್ಲ. ಆಗಿಹೋದದ್ದನ್ನೂ ಆಸ್ಪತ್ರೆ ಎಲ್ಲಿದೆ ಅನ್ನುವುದನ್ನೂ ಹೇಳಿ, "ಹೋಗ್ರೀ, ಈಗಾದ್ರೂ ಹೋಗ್ರೀ" ಅಂದಳು. ನಾನು ಒಂದು ಖಾಲಿ ಲಾರಿ ಹತ್ತಿ ಯಶವಂತಪುರದವರೆಗೆ ಹೋಗಿ, ಅಲ್ಲಿಂದ ಆಟೋ ಹಿಡಿದೆ. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಜೋಡಿಸಿಕೊಳ್ಳುತ್ತಿದ್ದೆ. ತಪ್ಪಾಯ್ತು ಅನ್ನುವುದಾ, ಹೇಗಿದ್ದೀಯ ಅನ್ನುವುದಾ. ಯಾರಿಗೆ ಹೇಳುವುದು ಅನ್ನುವುದು ಹೊಳೆಯಲೇ ಇಲ್ಲ. ಅಣ್ಣ ಆಪರೇಷನ್ ಟೇಬಲ್ಲಿನ ಮೇಲೆಯೇ ಒಂದು ಗಂಟೆಗೆ ಹೋಗಿಬಿಟ್ಟಿದ್ದ.

ಮೂರನೇ ಮಹಡಿಯ ವರಾಂಡದಲ್ಲಿ ಅಜ್ಜಿ ನೆಲದ ಮೇಲೆ ಕೂತಿದ್ದಳು, ನನ್ನ ಕಡೆ ನೋಡಲಿಲ್ಲ. ಅತ್ತಿಗೆ ಸ್ಟೀಲಿನ ಬೆಂಚಿನ ಮೇಲೆ ಅಣ್ಣನ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು. ನಾನು ಎದುರಿಗೆ ಹೋಗಿ ನಿಂತೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ಬಂದ್ರಾ" ಅಂದರು.

ನಾನು ಅವರ ಕೈಯಲ್ಲಿದ್ದ ಫೋನನ್ನು ನೋಡಿದೆ.

"ದಿನಾ ಬೆಳಿಗ್ಗೆ ಎದ್ದು ಫೋನ್ ನೋಡೋರು. ಹೊರಟ ಕಣೇ ಅಂದ್ರು ಒಂದಿನ. ಹೊಳೆ ದಾಟ್ದ ಅಂದ್ರು. ಆಮೇಲೆ ಗಡಿ ಊರಿಗೆ ಬಂದ, ಇನ್ನ ಮೂರ್ ದಿನ ಅಂದ್ರು. ನಂಗೆ ಆ ಆಟ ಎಲ್ಲಿ ಅರ್ಥ ಆಗುತ್ತೆ? ನಿಜವಾಗ್ಲೂ ನೀವು ಎಲ್ಲಿಂದ್ಲೋ ನಡ್ಕೊಂಡ್ ಬರ್ತಾ ಇದೀರೇನೋ ಅನ್ನೋ ಥರ ಹೇಳೋರು. ನಾನೂ ದಿನಾ ಕೇಳೋಳು, ಇವತ್ತು ಎಲ್ಲಿಗ್ ಬಂದ್ರು ಅಂತ. ಊಟ ಮಾಡ್ದೆ ಇದ್ದೋರು ಈ ಐದ್ ದಿನ ಎರಡೆರಡ್ ತುತ್ತು ಉಂಡ್ರು."

ಯುದ್ಧ ಘೋಷಣೆಯಾದರೆ ಪರದೆಯ ಅಂಚೆಲ್ಲ ಕೆಂಪಾಗುತ್ತದೆ. ಕೊಂಬಿನ ಸದ್ದು ಕೇಳುತ್ತದೆ. ಬರುತ್ತಿರುವುದು ಏನು ಅಂತ ಅಣ್ಣನಿಗೆ ಗೊತ್ತಿಲ್ಲದೆ ಇರಲು ಸಾಧ್ಯವೇ ಇರಲಿಲ್ಲ. ಅವನು ಅದನ್ನು ಹೆಂಡತಿಗೆ ಹೇಳಿರಲಿಲ್ಲ. ಬರ್ತಾ ಇದಾನೆ ಅಂತಷ್ಟೇ ಹೇಳಿದ್ದ.

"ಇವತ್ತು ಒಳಗೆ ಕರ್ಕೊಂಡ್ ಹೋಗೋಕೆ ಮುಂಚೆ ಫೋನ್ ನನ್ ಕೈಗೆ ಕೊಟ್ರು" ಅಂದರು ಅತ್ತಿಗೆ. "ಬಾಗಿಲಿಗೆ ಬಂದಿದಾನೆ, ಇನ್ನೇನು ಬಂದ್ಬಿಡ್ತಾನೆ, ನೀನು ಹೆದ್ರಬೇಡ ಅಂದ್ರು. ನಾನು ಇಲ್ಲಿ ಲಿಫ್ಟ್ ಬಾಗಿಲು ತೆಗೆದಾಗೆಲ್ಲ ನೋಡ್ತಾ ಇದ್ದೆ." ಅವರು ತಲೆಯೆತ್ತಿ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕು ಅನ್ನುವ ಹಾಗೆ ಕೇಳಿದರು. "ಬಾಗಿಲ ತನಕ ಬಂದೋರು ಯಾಕೆ ಒಳಗ್ ಬರ್ಲಿಲ್ಲ?"

ನಾನು ಒಳಗೆ ಹೋಗಿದ್ದೆ, ಹನ್ನೊಂದೂವರೆಗೆ. ಅದನ್ನು ಅವರಿಗೆ ಇವತ್ತಿನವರೆಗೂ ಹೇಳಿಲ್ಲ.